ಕಾಪುವಿನ ಅರವತ್ತಮೂರು ಸೀರೆಗಳು

ಫ್ಲಾಪಿಯೇ ಒಳಗೆ ಹೋಗಲಿಲ್ಲ. ಆದಿ ಉಡುಪಿಯ ಗೋದಾಮಿನ ಕಂಪ್ಯೂಟರಿಗೆ ಹಾಕುತ್ತಿದ್ದದ್ದು ಎಂಟು ಇಂಚಿನ ಫ್ಲಾಪಿ, ಹೆಚ್ಚುಕಡಿಮೆ ಊಟದ ತಟ್ಟೆಯಷ್ಟು ಅಗಲ. ಮಣಿಪಾಲದ ಆಫೀಸಿನದರ ಬಾಯಿ ಐದೂಕಾಲು ಇಂಚು. ಒಂದನ್ನು ಇನ್ನೊಂದಕ್ಕೆ ಹಾಕುವ ಹಾಗಿಲ್ಲ ಎಂಬುದು ಎರಡನ್ನೂ ಕೈಯಲ್ಲಿ ಹಿಡಿದು ನಿಂತ ಮೊದಲ ದಿನವೇ ಗೊತ್ತಾಯಿತು. "ಎರಡು ಕಂಪ್ಯೂಟರನ್ನು ಜೋಡಿಸಿ ಕೊಡಬೇಕು, ಮೂರು ತಿಂಗಳು ಸಾಕಲ್ವಾ?" ಎಂದು ಕಂಪೆನಿಯ ಧಣಿಗಳು ಕೇಳಿದಾಗ ಹಿಂದುಮುಂದು ನೋಡದೆ "ಧಾರಾಳ ಸಾಕು" ಎಂದು ಬಂದವಳು ನಾನು. ಯೋಚನೆಗಿಂತ ಮೊದಲು ಬಾಯಿ ಓಡುವುದು ನನ್ನ ಹುಟ್ಟುಗುಣ. ಅದರ ಫಲವನ್ನು ಆ ವರ್ಷ ಚೆನ್ನಾಗಿಯೇ ಉಂಡೆ.

ಎಂಬತ್ತರ ದಶಕದ ನಡುವಿನ ಮಾತು ಇದು. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಹೀಗೆ ನಾಲ್ಕು ಕಡೆ ಅಂಗಡಿಯಿದ್ದ ದೊಡ್ಡ ಜವಳಿ ಕಂಪೆನಿ ನಮ್ಮದು. ಸೀರೆಗಳೆಲ್ಲ ಮೊದಲು ಗೋದಾಮಿಗೆ ಬರುತ್ತಿದ್ದವು. ಅಲ್ಲಿ ಪ್ರತಿ ಸೀರೆಯ ಅಂಚಿಗೆ ನಂಬರಿರುವ ಒಂದು ರಟ್ಟಿನ ಚೀಟಿ ಹೊಲಿಯುತ್ತಿದ್ದರು. ಚೀಟಿಯ ಮೇಲಿನ ಅರ್ಧದಲ್ಲೂ ಕೆಳಗಿನ ಅರ್ಧದಲ್ಲೂ ಅದೇ ನಂಬರು. ಸೀರೆ ಮಾರಿದಾಗ ಅಂಗಡಿಯವರು ಕೆಳಗಿನ ಅರ್ಧವನ್ನು ಹರಿದು, ಬಿಲ್ಲಿನ ನಕಲಿಗೆ ಪಿನ್ನು ಚುಚ್ಚಿ ಮಣಿಪಾಲಕ್ಕೆ ಕಳುಹಿಸಬೇಕು. ಯಾವ ಸೀರೆ ಯಾವ ಅಂಗಡಿಗೆ ಹೋಯಿತೆಂದು ಗೋದಾಮಿನ ಯಂತ್ರಕ್ಕೆ ಗೊತ್ತು. ಯಾವುದು ಮಾರಿಹೋಯಿತೆಂದು ಮಣಿಪಾಲದ ಯಂತ್ರಕ್ಕೆ ಗೊತ್ತು. ಅಂಗಡಿಯಲ್ಲಿ ಏನು ಉಳಿದಿದೆ ಎಂಬುದು ಎರಡಕ್ಕೂ ಗೊತ್ತಿಲ್ಲ. ಅದು ಗೊತ್ತಿದ್ದದ್ದು ಉಡುಪಿ ಅಂಗಡಿಯ ಮಹಡಿಯಲ್ಲಿ ದಪ್ಪ ಲೆಡ್ಜರ್ ಇಟ್ಟುಕೊಂಡು ಕುಳಿತಿದ್ದ ಹಿರಿಯ ಗುಮಾಸ್ತರೊಬ್ಬರಿಗೆ; ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು. ಆ ವರ್ಷ ರಾಯರು ನಿವೃತ್ತರಾದರು. ಅವರ ಜಾಗಕ್ಕೆ ಬರಬೇಕಾದದ್ದು ನಾನು ಬರೆಯುವ ಪ್ರೋಗ್ರಾಂ.

ಫ್ಲಾಪಿ ಆಗದಿದ್ದರೆ ತಂತಿಯೇ ಗತಿ. ಗೋದಾಮಿನ ಯಂತ್ರವನ್ನೇ ಹಳೆಯ ಹಾಸಿಗೆಯಲ್ಲಿ ಸುತ್ತಿ, ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ವಾರಕ್ಕೊಮ್ಮೆ ಮಣಿಪಾಲಕ್ಕೆ ತರುವುದೆಂದಾಯಿತು. ಗುಡ್ಡೆ ಹತ್ತುವಾಗ ನಾನದನ್ನು ಎರಡೂ ಕೈಯಿಂದ ತಬ್ಬಿ ಹಿಡಿಯುತ್ತಿದ್ದೆ. ಡ್ರೈವರು ಕನ್ನಡಿಯಲ್ಲಿ ನೋಡಿ, "ಬಾಣಂತಿಯನ್ನು ಕರಕೊಂಡು ಹೋದ ಹಾಗೆ ಆಯ್ತಲ್ಲ ಮೇಡಂ" ಎಂದು ನಗುತ್ತಿದ್ದ. ಎರಡು ಯಂತ್ರಗಳ ನಡುವಿನ ಕೇಬಲ್ಲಿಗೆ ನಾನೇ ಬೆಸುಗೆ ಹಾಕಿದ್ದು. ಒಂದು ಕಡೆಯ ಎರಡನೆಯ ತಂತಿ ಇನ್ನೊಂದು ಕಡೆಯ ಮೂರನೆಯದಕ್ಕೆ ಸೇರಬೇಕು ಎಂದು ತಿಳಿಯಲು ನಾಲ್ಕು ದಿನ ಬೇಕಾಯಿತು. ಆಮೇಲೆ ಅಕ್ಷರಗಳು ಬಂದವು, ಬಂದದ್ದೆಲ್ಲ ಕಸ. ಒಂದೊಂದು ಅಕ್ಷರಕ್ಕೆ ಒಂದು ಯಂತ್ರ ಎಂಟು ಬಿಟ್ ಕಳುಹಿಸುತ್ತಿತ್ತು, ಇನ್ನೊಂದು ಏಳು ಬಿಟ್ ಓದುತ್ತಿತ್ತು. ಅದನ್ನು ಸರಿಮಾಡಿ ಇನ್ನೇನು ಮುಗಿಯಿತು ಎನ್ನುವಾಗ ಕರೆಂಟು ಹೋಗುತ್ತಿತ್ತು. ಮತ್ತೆ ಮೊದಲಿನಿಂದ ಸುರು.

ನಂಬರುಗಳದ್ದು ಇನ್ನೊಂದು ರಗಳೆ. ಗೋದಾಮಿನ ಪ್ರೋಗ್ರಾಂ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿತ್ತು. ಅದು ಪ್ರತಿ ನಂಬರಿನ ಎಡಕ್ಕೆ ಸೊನ್ನೆ ತುಂಬಿ ಆರು ಅಂಕಿ ಮಾಡುತ್ತಿತ್ತು. ಮಣಿಪಾಲದ್ದು ಕೋಬಾಲ್ ಎಂಬ ಇನ್ನೊಂದು ಭಾಷೆಯಲ್ಲಿ, ಅದು ಬಲಕ್ಕೆ ಖಾಲಿ ಜಾಗ ಬಿಡುತ್ತಿತ್ತು. ಎರಡನ್ನೂ ಒಂದೇ ಅಚ್ಚಿಗೆ ತಂದು ತಾಳೆ ನೋಡುವ ಪ್ರೋಗ್ರಾಂ ಬರೆದೆ. ತಾಳೆಯಾಗದ ಸಾಲುಗಳನ್ನು ಬೇರೊಂದು ಫೈಲಿಗೆ ತಳ್ಳಿಬಿಡುವಂತೆ ಮಾಡಿದೆ. ಹತ್ತಿಪ್ಪತ್ತು ಸಾಲು ಹಾಗೆ ಹೋಗುತ್ತಿದ್ದವು. ಟೈಪು ಮಾಡುವವರ ಕೈತಪ್ಪು ಇರಬೇಕು, ಆಮೇಲೆ ನೋಡಿದರಾಯಿತು ಎಂದುಕೊಂಡೆ. ಪ್ರಿಂಟರಿನ ರಿಬ್ಬನ್ ಬೇರೆ ಮಸುಕಾಗಿತ್ತು, ಬೊಂಬಾಯಿಯಿಂದ ಹೊಸದು ಬರುವ ತನಕ ಅಗತ್ಯವಿದ್ದಷ್ಟೇ ಮುದ್ರಿಸುತ್ತಿದ್ದೆ. ಆ ಫೈಲನ್ನು ಒಮ್ಮೆಯೂ ಮುದ್ರಿಸಲಿಲ್ಲ.

ಕೊನೆಗೆ ಪ್ರತಿ ಅಂಗಡಿಗೂ ಒಂದು ಫಾರಂ ಕಳುಹಿಸಿದೆ. ನನ್ನ ಕೈಯಾರೆ ಗೆರೆ ಹಾಕಿ ಸ್ಟೆನ್ಸಿಲ್ ಮಾಡಿಸಿದ್ದು. "ಅಂಗಡಿಯಲ್ಲಿ ಈಗ ಇರುವ ಸೀರೆಗಳ ಸಂಖ್ಯೆ" ಎಂದು ಬರೆದು ಮುಂದೆ ಒಂದು ಚೌಕ. ಎಣಿಸಿ ತುಂಬಿಸಿ ಸಹಿ ಹಾಕಬೇಕು, ಅಷ್ಟೆ. ಯಂತ್ರ ಹೇಳುವ ಸಂಖ್ಯೆ ಒಂದು ಕಡೆ, ಅಂಗಡಿಯವರು ಎಣಿಸಿದ್ದು ಇನ್ನೊಂದು ಕಡೆ, ನಡುವಿನ ವ್ಯತ್ಯಾಸ ಮೂರನೆಯ ಕಡೆ. ಒಂದು ಸೋಮವಾರ ಮಧ್ಯಾಹ್ನ ಮೊದಲ ಪಟ್ಟಿ ಪ್ರಿಂಟರಿನಿಂದ ಕರಕರ ಸದ್ದು ಮಾಡುತ್ತ ಹೊರಬಂತು. ಉಡುಪಿಯಲ್ಲಿ ಐದು ಕಡಿಮೆ. ಮಣಿಪಾಲದಲ್ಲಿ ಒಂದು ಹೆಚ್ಚು. ಕಾರ್ಕಳದಲ್ಲಿ ಎರಡು ಕಡಿಮೆ. ಕಾಪುವಿನಲ್ಲಿ ಅರವತ್ತಮೂರು ಕಡಿಮೆ.

ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ನನ್ನ ಪ್ರೋಗ್ರಾಂ ಕಳ್ಳನನ್ನು ಹಿಡಿದುಕೊಟ್ಟಿತು ಎಂದು ಜಂಭ ಬಂತು. ಪಟ್ಟಿಯನ್ನು ಹರಿದು ಸುರುಳಿ ಸುತ್ತಿ ಉಡುಪಿಗೆ ಬಸ್ಸು ಹತ್ತಿದೆ.

ಧಣಿಗಳು ಕನ್ನಡಕ ಏರಿಸಿ ನೋಡಿದರು. ಎರಡು ಸಲ ನೋಡಿದರು. "ಅರವತ್ತಮೂರಾ? ಒಂದೇ ಅಂಗಡಿಯಲ್ಲಾ?" ಎಂದವರು ಫೋನು ತಿರುಗಿಸಿ ಕಾಪುವಿನ ಮ್ಯಾನೇಜರರನ್ನು ಕೂಡಲೇ ಬರಹೇಳಿದರು. "ನೀವು ಇಲ್ಲೇ ಕೂತುಕೊಳ್ಳಿ" ಎಂದು ನನಗೂ ಹೇಳಿದರು.

ಕಾಪುವಿನ ಮ್ಯಾನೇಜರು ಕರಾವಳಿಯ ಮುಸ್ಲಿಮರಾದ ಬ್ಯಾರಿ ಸಮುದಾಯದವರು. ಐವತ್ತರ ಮೇಲಿನ ವಯಸ್ಸು, ಬಿಳಿ ಪಂಚೆ, ಬಿಳಿ ಅಂಗಿ, ಕಿಸೆಯಲ್ಲಿ ಒಂದು ಪೆನ್ನು. ಇಪ್ಪತ್ತೆರಡು ವರ್ಷ ಅದೇ ಅಂಗಡಿಯಲ್ಲಿದ್ದವರು. ನಮ್ಮಲ್ಲಿ ಎಲ್ಲರೂ ಅವರನ್ನು ಹಿರಿಯರೆಂಬ ಗೌರವದಿಂದ ಕಾಕ ಎನ್ನುತ್ತಿದ್ದರು. ಕುಳಿತುಕೊಳ್ಳಿ ಎಂದರೂ ಅವರು ಕೂರಲಿಲ್ಲ.

"ಬ್ಯಾರಿಗಳೇ, ಅರವತ್ತಮೂರು ಸೀರೆ ಕಡಿಮೆ ಉಂಟಂತೆ ನಿಮ್ಮಲ್ಲಿ. ಎಂತ ಇದು?"

"ಸೀರೆ ಎಲ್ಲಿಯೂ ಹೋಗಲಿಲ್ಲ, ಧಣಿಗಳೇ."

"ಹಾಗಾದರೆ ಎಲ್ಲಿ ಉಂಟು?"

"ಉಂಟು."

"ಉಂಟು ಅಂದರೆ ಎಲ್ಲಿ ಮಾರಾಯ್ರೇ? ಕಪಾಟಿನಲ್ಲಾ, ನಿಮ್ಮ ಮನೆಯಲ್ಲಾ?"

ಕಾಕನ ಮುಖ ಕೆಂಪಾಯಿತು. ಕಿಸೆಯ ಪೆನ್ನನ್ನು ಸರಿಮಾಡಿಕೊಂಡರು, ಅಷ್ಟೆ. ಧಣಿಗಳಿಗೆ ರೇಗಿತು. "ನೋಡಿ, ನನ್ನ ಅಪ್ಪನ ಕಾಲದಿಂದ ಇದ್ದೀರಿ ಅಂತ ಐದು ದಿನ ಕೊಡುತ್ತೇನೆ. ಶನಿವಾರ ಹತ್ತು ಗಂಟೆಗೆ ಇಲ್ಲಿಗೆ ಬನ್ನಿ. ಉತ್ತರ ಇಲ್ಲದಿದ್ದರೆ ನಿಮಗೆ ಕೆಲಸ ಇಲ್ಲ. ಸ್ಟೇಷನ್ನಿಗೂ ಬರೆದುಕೊಡುತ್ತೇನೆ."

ಹೊರಗೆ ಹೋಗುವಾಗ ಕಾಕ ನನ್ನ ಎದುರು ಒಂದು ಗಳಿಗೆ ನಿಂತರು. "ಮೇಡಂ, ನೀವು ಎಂತ ಕೇಳಿದ್ದೀರೋ ಅದಕ್ಕೆ ನಾನು ಸರಿಯಾಗಿಯೇ ಬರೆದಿದ್ದೇನೆ" ಎಂದು ಮೆಲ್ಲಗೆ ಹೇಳಿ ಮೆಟ್ಟಿಲಿಳಿದರು. ಬೈದಿದ್ದರೆ ನಾನೂ ತಿರುಗಿ ಮಾತನಾಡುತ್ತಿದ್ದೆ. ಈ ಮಾತು ಮಾತ್ರ ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ಕಳ್ಳತನ ಮಾಡಿದವನು ಚೌಕದಲ್ಲಿ ಸುಳ್ಳು ಸಂಖ್ಯೆ ತುಂಬಿಸಿ ಸುಮ್ಮನಿರುತ್ತಿದ್ದನಲ್ಲ? ಇವರೇಕೆ ಅರವತ್ತಮೂರು ಕಡಿಮೆ ಬರೆದು ತಾವೇ ಸಹಿ ಹಾಕಿ ಕೊಟ್ಟರು? ಬಸ್ಸಿನಲ್ಲಿ ಇದೇ ತಲೆ ತಿಂದಿತು.

ಮಂಗಳವಾರ ಬೆಳಿಗ್ಗೆ ಎಲ್ಲವನ್ನೂ ಮೊದಲಿನಿಂದ ಓಡಿಸಿದೆ. ಮತ್ತೆ ಅರವತ್ತಮೂರು. ಆಗ ನೆನಪಾದದ್ದು ತಳ್ಳಿಬಿಟ್ಟ ಸಾಲುಗಳ ಫೈಲು. ಮಸುಕು ರಿಬ್ಬನ್ನಿನಲ್ಲೇ ಮುದ್ರಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಹದಿನೇಳು ಸಾಲು, ಹದಿನೇಳೂ ಕಾಪುವಿನದ್ದೇ. ಪ್ರತಿ ನಂಬರಿನ ಮುಂದೆ ಕಾಪುವಿನ ಗುರುತಾಗಿ ಎರಡು ಅಕ್ಷರ ಹೆಚ್ಚು. ಬಿಲ್ಲಿನ ಕಟ್ಟುಗಳನ್ನು ಕೆದಕಿ ಮೂಲ ಚೀಟಿಗಳನ್ನು ತೆಗೆದೆ. ಆ ಹದಿನೇಳು ಮಾತ್ರ ಅಚ್ಚಾದ ರಟ್ಟಲ್ಲ, ಬಿಳಿ ಕಾಗದದಲ್ಲಿ ದುಂಡಗೆ ಕೈಯಲ್ಲಿ ಬರೆದವು. ಮೂಲ ಚೀಟಿ ಹಾಳಾದದ್ದಕ್ಕೆ ಅಂಗಡಿಯವರು ತಾವೇ ಬರೆದು, ತಮ್ಮ ಊರಿನ ಗುರುತು ಹಾಕಿ, ನ್ಯಾಯವಾಗಿಯೇ ಬಿಲ್ಲು ಮಾಡಿದ್ದರು. ನನ್ನ ಪ್ರೋಗ್ರಾಮಿಗೆ ಗುರುತು ಸಿಗದೆ ಅದು ಮಾರಿದ ಸೀರೆಗಳನ್ನು ಮಾರಿಲ್ಲವೆಂದು ಲೆಕ್ಕ ಹಾಕಿತ್ತು.

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮುಚ್ಚಿಡುವ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಒಂದು ಕಾಫಿ ಕುಡಿಯುವಷ್ಟು ಹೊತ್ತು ಇತ್ತು. ಆಮೇಲೆ ಫೋನು ಮಾಡಿದೆ.

"ಧಣಿಗಳೇ, ಹದಿನೇಳು ನನ್ನ ತಪ್ಪು. ಅವು ಮಾರಿದ ಸೀರೆಗಳೇ."

"ಹಾಗಾದರೆ ನಿನ್ನೆ ಆ ಮನುಷ್ಯನ ಎದುರು ನಾನು ಮಾತನಾಡಿದ್ದು?"

"ತಪ್ಪಾಯಿತು."

"ಉಳಿದ ನಲವತ್ತಾರು? ಅದೂ ನಿಮ್ಮ ತಪ್ಪಾ, ಅಲ್ಲ ಅವರದ್ದಾ? ಎಂತದಮ್ಮಾ ಇದು, ಕಂಪ್ಯೂಟರಿಗೆ ಇಷ್ಟು ಸುರಿದದ್ದು ದಿನಕ್ಕೊಂದು ಸಂಖ್ಯೆ ಕೇಳಲಿಕ್ಕಾ?" ಎಂದು ಫೋನು ಕುಕ್ಕಿದರು. ಶನಿವಾರದ ಗಡುವು ಹಾಗೆಯೇ ಉಳಿಯಿತು. ಕಾಕನ ಜೊತೆ ಈಗ ನಾನೂ ಕಟಕಟೆಯಲ್ಲಿ.

ಬುಧವಾರ ಉಡುಪಿಯ ಮಹಡಿಗೆ ಹೋಗಿ ರಾಯರ ಹಳೆಯ ಲೆಡ್ಜರುಗಳನ್ನು ಕೆಳಗಿಳಿಸಿದೆ. ಉಡುಪಿ, ಮಣಿಪಾಲ, ಕಾರ್ಕಳದ ಪುಟಗಳಲ್ಲಿ ಶಾಯಿಯ ಅಂಕಿಗಳು ಮಾತ್ರ. ಕಾಪುವಿನ ಪುಟಗಳಲ್ಲಿ ಪ್ರತಿ ತಿಂಗಳ ಕೊನೆಗೆ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಒಂದು ಸಂಖ್ಯೆ ಇತ್ತು. ಮೂವತ್ತೆಂಟು, ಐವತ್ತೊಂದು, ಇಪ್ಪತ್ತು. ಅದನ್ನು ಸೇರಿಸಿಯೇ ಅವರು ಮೊತ್ತ ಹೊಂದಿಸಿದ್ದರು. ಏನೆಂದು ಬರೆದಿರಲಿಲ್ಲ.

ರಾಯರ ಮನೆ ಅಲೆವೂರಿನಲ್ಲಿ, ನಮ್ಮ ಮನೆಯಿಂದ ಕೂಗಳತೆಯಲ್ಲಿ. ಸಂಜೆ ಹೋದಾಗ ಅಂಗಳದಲ್ಲಿ ತೆಂಗಿನ ಗರಿ ಸೀಳುತ್ತ ಕುಳಿತಿದ್ದರು.

"ಆ ಪೆನ್ಸಿಲಿನ ಸಂಖ್ಯೆ ಎಂತದು ರಾಯರೇ?"

"ಅದು ಹೊರಗಿನದ್ದು."

"ಹೊರಗಿನದ್ದು ಅಂದರೆ?"

"ಅಯ್ಯೋ, ಎಲ್ಲರಿಗೂ ಗೊತ್ತುಂಟಲ್ಲ ಮಾರಾಯ್ತಿ! ಕಾಪುವಿನಲ್ಲಿ ಎಷ್ಟೋ ಮನೆಯ ಗಂಡಸರು ದುಬೈ, ಮಸ್ಕತ್ತು ಅಂತ ಹೊರಗಿರುವುದು. ಮನೆಯ ಹೆಂಗಸರು ಪೇಟೆಗೆ ಬಂದು ಅಂಗಡಿ ಹತ್ತುವುದಿಲ್ಲ. ಮದುವೆಯ ಮಾತು ಬಂದಾಗ ಕಾಕ ಐದಾರು ಸೀರೆ ಕಟ್ಟಿ ಮನೆಗೆ ಕಳುಹಿಸುತ್ತಾರೆ. ಬೇಕಾದದ್ದು ಇಟ್ಟುಕೊಂಡು ಉಳಿದದ್ದು ವಾಪಸು. ಮಾರಿದ್ದೂ ಅಲ್ಲ, ಅಂಗಡಿಯಲ್ಲಿ ಇರುವುದೂ ಅಲ್ಲ. ತಿಂಗಳ ಕೊನೆಗೆ ಕಾಕ ಫೋನಿನಲ್ಲಿ 'ಹೊರಗೆ ಇಷ್ಟು' ಎನ್ನುತ್ತಿದ್ದರು. ನಾನು ಸೇರಿಸುತ್ತಿದ್ದೆ."

"ಶಾಯಿಯಲ್ಲಿ ಯಾಕೆ ಬರೆಯಲಿಲ್ಲ?"

ರಾಯರು ಕತ್ತಿ ಕೆಳಗಿಟ್ಟರು. "ಈಗಿನ ಧಣಿಗಳು ಬಂದ ಮೇಲೆ ಬಿಲ್ಲಿಲ್ಲದೆ ಸೀರೆ ಹೊರಗೆ ಕಳುಹಿಸಬಾರದು ಅಂತ ಸರ್ಕ್ಯುಲರ್ ಮಾಡಿದರು. ಬೇರೆ ಅಂಗಡಿಯವರು ನಿಲ್ಲಿಸಿದರು. ಕಾಪುವಿನಲ್ಲಿ ನಿಲ್ಲಿಸಿದರೆ ವ್ಯಾಪಾರ ಎಲ್ಲಿಂದ?"

ನಾನು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಮೂರು ತಿಂಗಳು ಬಿಟ್ ಬೈಟ್ ಎಂದು ಹೆಣಗಾಡಿದವಳು ಆ ಲೆಡ್ಜರನ್ನು ಒಮ್ಮೆ ಬಿಡಿಸಿ ನೋಡಿರಲಿಲ್ಲ, ರಾಯರನ್ನು ಒಂದು ಮಾತು ಕೇಳಿರಲಿಲ್ಲ. ನನ್ನ ಫಾರಮ್ಮಿನಲ್ಲಿ ಇದ್ದದ್ದು ಒಂದೇ ಚೌಕ. ಅಂಗಡಿಯಲ್ಲಿ ಈಗ ಇರುವ ಸೀರೆ ಎಷ್ಟು ಎಂದು ಕೇಳಿದೆ, ಆ ಪ್ರಾಮಾಣಿಕ ಮನುಷ್ಯ ಅಂಗಡಿಯಲ್ಲಿ ಇದ್ದಷ್ಟನ್ನೇ ಬರೆದರು.

ಗುರುವಾರ ಬೆಳಿಗ್ಗೆ ಕಾಪುವಿನಲ್ಲಿ ಇಳಿದೆ. ಕಾಕ ನನ್ನನ್ನು ನೋಡಿ ಎದ್ದು ನಿಂತರು, ಮುಖ ಗಂಟು. ನಾನು ಪೀಠಿಕೆ ಹಾಕಲಿಲ್ಲ. "ಕಾಕ, ಹದಿನೇಳು ನನ್ನ ತಪ್ಪು, ಧಣಿಗಳಿಗೆ ಹೇಳಿದ್ದೇನೆ. ಉಳಿದದ್ದು ಹೊರಗೆ ಉಂಟು ಅಂತ ರಾಯರು ಹೇಳಿದರು" ಎಂದೆ. ಅವರು ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಕಪಾಟು ತೆರೆದರು. ಒಳಗೆ ಮೊಳೆಗೆ ಒಂದು ಉದ್ದದ ತಂತಿ ನೇತಾಡುತ್ತಿತ್ತು. ತಂತಿಗೆ ಚೀಟಿಗಳ ಕೆಳಗಿನ ಅರ್ಧಗಳನ್ನು ಪೋಣಿಸಿ ಬೇರೆಬೇರೆ ಬಣ್ಣದ ನೂಲಿನಲ್ಲಿ ಗೊಂಚಲು ಕಟ್ಟಿದ್ದರು. ಕೆಂಪು, ಹಸಿರು, ಹಳದಿ, ಒಟ್ಟು ಎಂಟು ಗೊಂಚಲು, ಎಂಟು ಮನೆ. ಎಣಿಸಿದೆ. ಸರಿಯಾಗಿ ನಲವತ್ತಾರು. ಸೀರೆ ವಾಪಸು ಬಂದಾಗ ಆ ಅರ್ಧವನ್ನು ಮತ್ತೆ ಹೊಲಿಯುತ್ತಾರಂತೆ. ಹರಿದು ಹಾಳಾಗಿದ್ದರೆ ಕೈಯಲ್ಲಿ ಹೊಸದು ಬರೆಯುತ್ತಾರಂತೆ. ನನ್ನ ಹದಿನೇಳು ಸಾಲಿನ ಮೂಲವೂ ಅಲ್ಲೇ ಇತ್ತು.

"ಇದನ್ನು ಧಣಿಗಳಿಗೆ ಯಾಕೆ ಹೇಳಲಿಲ್ಲ?"

"ಹೇಳಿದರೆ ಯಾರ ಮನೆ ಅಂತ ಕೇಳುತ್ತಾರೆ. ಸೀರೆಯ ಕಟ್ಟು ಹೋದ ಮನೆ ಅಂದರೆ ಹುಡುಗಿಗೆ ಮಾತು ನಡೆಯುತ್ತಾ ಉಂಟು ಅಂತ ಅರ್ಥ. ಹುಡುಗನ ಅಣ್ಣ ಗಲ್ಫಿನಲ್ಲಿ, ಅವನ ಒಪ್ಪಿಗೆಯ ಕಾಗದ ಬರಲಿಕ್ಕೆ ಒಂದು ತಿಂಗಳು. ಅಷ್ಟರೊಳಗೆ ಸುದ್ದಿ ಹೊರಗೆ ಬಿದ್ದು, ಆಮೇಲೆ ಸಂಬಂಧ ತಪ್ಪಿದರೆ? ಆ ಹುಡುಗಿಗೆ ಎಂತ ಗತಿ? ನಾನು ಎಲ್ಲಿಯೂ ಹೆಸರು ಬರೆಯುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ನೂಲಿನ ಬಣ್ಣ ನನಗೆ ಮಾತ್ರ ಗೊತ್ತು."

"ಕೆಲಸ ಹೋಗುತ್ತದೆ ಕಾಕ. ಪೊಲೀಸು ಬರುತ್ತದೆ."

"ಬರಲಿ" ಎಂದರು.

ನನ್ನ ಸಿಟ್ಟು ನೆತ್ತಿಗೇರಿತು. "ಬರಲಿ ಅಂದರೆ ಆಯಿತಾ? ನಾಳೆ ನಿಮ್ಮ ಮನೆಯವರು ಯಾರಿಗೆ ಮುಖ ತೋರಿಸುವುದು? ಮತ್ತೆ ನಾನು? ಈ ತಂತಿಯನ್ನು ಕೊಂಡುಹೋಗಿ ತೋರಿಸಿದರೆ ಆಗುವುದಿಲ್ಲ. ಚೀಟಿ ಹರಿದದ್ದು ಇದರಿಂದ ಗೊತ್ತಾಗುತ್ತದೆ. ಸೀರೆ ಇರುವುದು ಗೊತ್ತಾಗುವುದಿಲ್ಲ. ಯಾರಾದರೊಬ್ಬರು ಕಣ್ಣಿನಲ್ಲಿ ನೋಡಿ ಬರಬೇಕು."

ಕಾಕ ತಂತಿಯ ಗೊಂಚಲುಗಳನ್ನು ಒಂದೊಂದಾಗಿ ಸರಿಪಡಿಸಿದರು. ಆಮೇಲೆ, "ಗಂಡಸರನ್ನು ಆ ಮನೆಗಳ ಒಳಗೆ ಬಿಡುವುದಿಲ್ಲ. ನೀವು ಹೋಗಬಹುದು. ನನ್ನ ಮನೆಯವಳು ಜೊತೆಗೆ ಬರುತ್ತಾಳೆ. ಪೆನ್ನು, ಪುಸ್ತಕ, ಚೀಲ ಎಲ್ಲ ಇಲ್ಲಿ ಇಡಿ. ನೋಡಿದ್ದು ತಲೆಯಲ್ಲಿ ಇರಲಿ, ಬೇರೆ ಎಲ್ಲಿಯೂ ಬೇಡ" ಎಂದರು. ನಾನು ಪೆನ್ನನ್ನು ಅವರ ಕೈಗೆ ಕೊಟ್ಟೆ. ಅದೇ ನನ್ನ ತೀರ್ಮಾನ. ಕಾಗದದ ಮೇಲೆ ಇಲ್ಲದ್ದನ್ನು ನಂಬಬಾರದು ಎಂದು ಮೂರು ತಿಂಗಳಿಂದ ಎಲ್ಲರಿಗೂ ಪಾಠ ಹೇಳುತ್ತಿದ್ದವಳು, ಕಾಗದವೇ ಇಲ್ಲದೆ ಹೊರಟೆ.

ಕಾಕನ ಹೆಂಡತಿಗೆ ಕನ್ನಡ ಅಷ್ಟಾಗಿ ಬಾರದು, ನನಗೆ ಬ್ಯಾರಿ ಭಾಷೆ ಬಾರದು. ನಾವು ತುಳುವಿನಲ್ಲಿ ಮಾತನಾಡಿಕೊಂಡೆವು. ಮಾತು ಎಂದರೆ ಮಾತು, ಬಾಯಿ ಮುಚ್ಚದ ಹೆಂಗಸು. "ನಿಮ್ಮ ಮಿಷನ್ನು ನನ್ನ ಗಂಡನನ್ನು ಕಳ್ಳ ಅಂದಿತಂತೆ. ಅದಕ್ಕೆ ಕಣ್ಣುಂಟಾ?" ಎಂದು ಓಣಿಯುದ್ದಕ್ಕೂ ನನ್ನನ್ನು ತರಾಟೆಗೆ ತೆಗೆದುಕೊಂಡರು. ನಾನು ತಲೆ ತಗ್ಗಿಸಿ ಹಿಂದೆ ನಡೆದೆ. ಬೈಸಿಕೊಳ್ಳಬೇಕಾದದ್ದೇ.

ಒಂದೊಂದು ಮನೆಯಲ್ಲೂ ಅದೇ ಕ್ರಮ. ಒಳಗಿನ ಕೋಣೆ, ಚಾಪೆ, ಕುಡಿಯಲು ಶರಬತ್ತು, ಆಮೇಲೆ ಪೆಟ್ಟಿಗೆಯಿಂದ ಬಿಳಿ ಬಟ್ಟೆಯಲ್ಲಿ ಸುತ್ತಿದ ಕಟ್ಟು. ನಾನು ಒಂದೊಂದೇ ಸೀರೆ ಬಿಡಿಸಿ ಅರ್ಧ ಚೀಟಿಯ ನಂಬರು ಓದಿ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಅಂಕಿಗಳು ನನಗೆ ಬೇಗ ಹಿಡಿಯುತ್ತವೆ, ಹೆಸರುಗಳು ಹಿಡಿಯುವುದಿಲ್ಲ. ಅವತ್ತು ಅದೇ ಒಳ್ಳೆಯದಾಯಿತು. ಐದು, ಆರು, ನಾಲ್ಕು, ಎಂಟು. ಎಲ್ಲ ಸರಿ. ಹೊರಗೆ ಬಿಸಿಲು ಸುಡುತ್ತಿತ್ತು, ಸೆರಗು ಬೆನ್ನಿಗೆ ಅಂಟಿತ್ತು. ಏಳನೆಯ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ತಂದೆ ಇಲ್ಲ. ತಾಯಿ ಕಟ್ಟು ಮುಂದಿಟ್ಟು "ಏಳು" ಎಂದರು. ಎಣಿಸಿದೆ, ಆರು. ಮತ್ತೆ ಎಣಿಸಿದೆ, ಆರೇ.

ಆ ತಾಯಿಯ ಮುಖದಲ್ಲಿ ರಕ್ತವೇ ಇಲ್ಲವಾಯಿತು. ಪೆಟ್ಟಿಗೆ ಸುರಿದರು, ಚಾಪೆ ಎತ್ತಿದರು, ಮಗಳನ್ನು ಕರೆದು ಬ್ಯಾರಿಯಲ್ಲಿ ಏನೋ ಕೇಳಿದರು. ಬಾಗಿಲ ಪರದೆಯ ಹಿಂದೆ ಹುಡುಗಿ ಮಾತಿಲ್ಲದೆ ನಿಂತಿದ್ದಳು. "ಇಲ್ಲೇ ಎಲ್ಲೋ ಇರಬೇಕು, ನಾಳೆ ಸಿಗುತ್ತದೆ" ಎಂದು ಕಾಕನ ಹೆಂಡತಿ ನನ್ನ ಕೈ ಹಿಡಿದು ಹೊರಗೆಳೆದರು. ಎಂಟನೆಯ ಮನೆಯಲ್ಲಿ ಎಲ್ಲ ಸರಿಯಿತ್ತು.

ವಾಪಸು ಬರುವಾಗ ಕಾಕನ ಹೆಂಡತಿಯ ಬಾಯಿ ಮೊದಲ ಬಾರಿ ಮುಚ್ಚಿತ್ತು. ಅಂಗಡಿ ಕಾಣುವಾಗ ನಿಂತರು. "ನಲವತ್ತಾರು ಅಂತ ಹೇಳಿಬಿಡಿ. ನನ್ನ ಗಂಡನಿಗೂ ಹೇಳಬೇಡಿ. ಹೇಳಿದರೆ ಅವರು ತಮ್ಮ ಕೈಯಿಂದ ಅದರ ದುಡ್ಡು ತುಂಬಿಸಿ, ಮುಂದೆ ಆ ಮನೆಗೆ ಕಟ್ಟು ಕಳುಹಿಸುವುದನ್ನು ಬಿಡುತ್ತಾರೆ. ಆ ಹುಡುಗಿಗೆ ಅಪ್ಪನೂ ಇಲ್ಲ. ಒಂದು ಸೀರೆ ತಾನೇ, ಸಿಗುತ್ತದೆ."

ಕಾಕ ಇಳಿಹೊತ್ತಿನ ಅಸರ್ ನಮಾಜಿಗೆ ಹೋಗಿದ್ದರು. ನಾನು ಒಳಕೋಣೆಗೆ ಹೋಗಿ ಹಸಿರು ನೂಲಿನ ಗೊಂಚಲನ್ನು ನೋಡಿದೆ. ಏಳು ಚೀಟಿಗಳಿದ್ದದ್ದು ಅದೊಂದರಲ್ಲೇ. ಆರು ನಂಬರು ನಾನು ಆ ಮನೆಯಲ್ಲಿ ಓದಿದವು. ಏಳನೆಯದು ನಾಲ್ಕು ಒಂದು ಒಂದು ಎಂಟು. ಅದನ್ನು ನಾನು ಕಂಡಿರಲಿಲ್ಲ. ನನ್ನ ಪೆನ್ನು ಮೇಜಿನ ಮೇಲಿತ್ತು. ಎತ್ತಿಕೊಂಡು, ಕಾಕ ಬರುವ ಮೊದಲೇ ಬಸ್ಸು ಹಿಡಿದೆ. ಅವರ ಮುಖ ನೋಡುವ ಧೈರ್ಯ ಇರಲಿಲ್ಲ.

ಶುಕ್ರವಾರ ಇಡೀ ದಿನ ಒದ್ದಾಡಿದೆ. ನಲವತ್ತಾರು ಎಂದರೆ ಎಲ್ಲ ಮುಗಿಯಿತು: ತಂತಿಯೂ ನಲವತ್ತಾರು, ಯಂತ್ರವೂ ನಲವತ್ತಾರು, ಕಾಕನ ಕೆಲಸ ಉಳಿಯುತ್ತದೆ. ನಲವತ್ತೈದು ಎಂದರೆ ಧಣಿಗಳು ಆ ಒಂದನ್ನು ಹಿಡಿದುಕೊಂಡು ಎಲ್ಲವನ್ನೂ ಎಳೆಯಬಹುದು, ಮನೆ ಯಾವುದೆಂದು ಕೇಳಬಹುದು. ಒಂದು ಸೀರೆಗೋಸ್ಕರ ಮನುಷ್ಯನೊಬ್ಬನ ಇಪ್ಪತ್ತೆರಡು ವರ್ಷವನ್ನು ಹಾಳುಮಾಡಲು ನಾನು ಯಾರು? ಆದರೆ ಕಣ್ಣಿನಲ್ಲಿ ನೋಡಿದವಳ ಮಾತು ಎಂದು ಹೇಳಿಕೊಂಡು ಹೋಗಿ, ನೋಡದ್ದನ್ನು ನೋಡಿದೆ ಎಂದರೆ ಉಳಿದ ನಲವತ್ತೈದಕ್ಕೆ ಏನು ಬೆಲೆ? ಊಟ ಸೇರಲಿಲ್ಲ. ಅಮ್ಮ "ಜ್ವರವಾ?" ಎಂದು ಹಣೆ ಮುಟ್ಟಿ ನೋಡಿದಳು.

ಶನಿವಾರ ಹತ್ತು ಗಂಟೆ. ಧಣಿಗಳ ಮೇಜಿನ ಮೇಲೆ ಟೈಪು ಮಾಡಿದ ದೂರಿನ ಕಾಗದ, ಸಹಿಯೊಂದೇ ಬಾಕಿ. ಕಾಕ ಗೋಡೆಗೆ ತಾಗಿ ನಿಂತಿದ್ದರು. ನಾನು ಹೊರಗೆ ಕಳುಹಿಸುವ ಕಟ್ಟುಗಳ ವಿಷಯವನ್ನೆಲ್ಲ ಹೇಳಿದೆ. ಸರ್ಕ್ಯುಲರಿನ ಮಾತು ಬಂದಾಗ ಧಣಿಗಳ ಹುಬ್ಬು ಗಂಟಾಯಿತು.

"ಆಯಿತು. ಆ ನಲವತ್ತಾರು ಈಗ ಎಲ್ಲಿ ಉಂಟು?"

"ಮನೆಗಳಲ್ಲಿ ಉಂಟು. ನಾನೇ ಹೋಗಿ ನೋಡಿದ್ದೇನೆ."

"ಯಾರ ಮನೆ?"

"ಅದು ಹೇಳಲು ಆಗುವುದಿಲ್ಲ."

"ಎಂತ ಆಗುವುದಿಲ್ಲ? ಸೀರೆ ನನ್ನದು!"

"ಸೀರೆ ನಿಮ್ಮದು. ಸುದ್ದಿ ಅವರದ್ದು." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ನನ್ನ ಕೆಲಸ ಹೋಯಿತು ಎಂದೇ ಲೆಕ್ಕ.

ಧಣಿಗಳು ಕನ್ನಡಕ ತೆಗೆದರು. "ನಿಮ್ಮ ಕಣ್ಣಿನಲ್ಲಿ ಎಷ್ಟು ಎಣಿಸಿದ್ದೀರಿ?"

ನಲವತ್ತಾರು ಎಂಬುದು ತುಟಿಯ ತನಕ ಬಂದಿತ್ತು.

"ನಲವತ್ತೈದು."

ಕಾಕ ಚಕ್ಕನೆ ನನ್ನ ಕಡೆ ತಿರುಗಿದರು. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ.

"ಒಂದು ಎಲ್ಲಿ?"

"ಗೊತ್ತಿಲ್ಲ. ನಾನು ನೋಡಲಿಲ್ಲ."

ಧಣಿಗಳು ದೂರಿನ ಕಾಗದವನ್ನು ಕೈಗೆತ್ತಿಕೊಂಡರು. ಆಮೇಲೆ ಅದನ್ನು ಎರಡಾಗಿ ಹರಿದರು. "ನೀವು ನಲವತ್ತಾರು ಅಂದಿದ್ದರೆ ನಾನು ಸಹಿ ಹಾಕಿಯೇ ಬಿಡುತ್ತಿದ್ದೆ. ಇಬ್ಬರೂ ಕೂತು ಹೊಂದಿಸಿದ್ದೀರಿ ಅಂತ. ಒಂದು ಕಡಿಮೆ ಉಂಟು ಅಂತ ಹೇಳಲಿಕ್ಕೆ ಯಾರೂ ಸುಳ್ಳು ಕಟ್ಟುವುದಿಲ್ಲ" ಎಂದರು. ಕಾಕನ ಕಡೆ ನೋಡಿ, "ಬ್ಯಾರಿಗಳೇ, ಸೋಮವಾರ ನಾನು ಹೇಳಿದ್ದು ತಪ್ಪು. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ" ಎಂದರು. ನನಗೆ ಹೇಳಿದ್ದು ಇಷ್ಟೇ: "ಆ ಫಾರಮ್ಮಿಗೆ ಹೊರಗೆ ಅಂತ ಇನ್ನೊಂದು ಚೌಕ ಹಾಕಿ. ಸಂಖ್ಯೆ ಸಾಕು. ಹೆಸರು ಬೇಡ."

ಮೆಟ್ಟಿಲಿನಲ್ಲಿ ಕಾಕ ನನ್ನನ್ನು ತಡೆದರು. ಕಣ್ಣು ತುಂಬಿತ್ತು, ಸಿಟ್ಟೂ ಇತ್ತು. "ನನ್ನ ತಂತಿಯಲ್ಲಿ ನಲವತ್ತಾರು ಉಂಟು. ಯಾವ ಮನೆಯಲ್ಲಿ ಕಡಿಮೆ ಬಂತು? ಹೇಳಿ."

"ಪೆನ್ನು ನಿಮ್ಮ ಹತ್ತಿರ ಇತ್ತಲ್ಲ ಕಾಕ. ಬರೆದುಕೊಳ್ಳಲಿಲ್ಲ, ಮರೆತುಹೋಯಿತು" ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ತುಟಿಯ ತುದಿಯಲ್ಲಿ ನಕ್ಕು, "ಭಾರಿ ಜನ ನೀವು ಮಗಳೇ" ಎಂದು ಇಳಿದುಹೋದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಹೊಸ ಚೌಕದ ಫಾರಂ ಹೋಯಿತು. ಕಾಪುವಿನ ಊರುಗುರುತನ್ನು ಕಳಚಿ ನಂಬರು ಹುಡುಕುವಂತೆ ಪ್ರೋಗ್ರಾಂ ತಿದ್ದಿದೆ. ತಾಳೆಯಾಗದ ಸಾಲುಗಳ ಪಟ್ಟಿಯನ್ನು ಎಲ್ಲಕ್ಕಿಂತ ಮೊದಲು ಮುದ್ರಿಸುವುದು ಅಂದಿನಿಂದ ನನ್ನ ಅಭ್ಯಾಸವಾಯಿತು. ನಾನು ಕಾಣದ ಆ ಒಂದನ್ನು ಬಿಟ್ಟೇ ಕಾಕ ಹೊರಗಿನ ಸಂಖ್ಯೆ ತುಂಬಿಸಿದ್ದರು; ಹಾಗಾಗಿ ಆ ತಿಂಗಳ ಪಟ್ಟಿಯಲ್ಲಿ ಕಾಪುವಿನ ಎದುರು ಒಂದು ಕಡಿಮೆ ಎಂದೇ ಇತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪ್ರತಿ ಸಲ ಆ ಒಂದನ್ನು ಕಂಡಾಗ ಪೆಟ್ಟಿಗೆ ಸುರಿಯುತ್ತಿದ್ದ ಆ ತಾಯಿಯ ಕೈಗಳು ಕಣ್ಣೆದುರು ಬರುತ್ತಿದ್ದವು.

ಐದಾರು ವಾರ ಕಳೆದಿರಬೇಕು. ಮಣಿಪಾಲದಲ್ಲಿ ಕಾಪುವಿನ ಬಿಲ್ಲುಗಳನ್ನು ಟೈಪು ಮಾಡಿ ಮುಗಿಸಿದ್ದರು, ನಾನು ಪರದೆಯ ಮೇಲೆ ಸಾಲುಗಳನ್ನು ಓಡಿಸುತ್ತ ಕುಳಿತಿದ್ದೆ. ನಂಬರುಗಳು ಮೇಲಕ್ಕೆ ಹೋಗುತ್ತಿದ್ದವು. ಕೈ ತಾನಾಗಿ ನಿಂತಿತು. ನಾಲ್ಕು ಒಂದು ಒಂದು ಎಂಟು. ಕಾಪು. ಮಾರಾಟ, ಒಂದು ಸೀರೆ.

ಎದ್ದು ಹೋಗಿ ಬಿಲ್ಲಿನ ಕಟ್ಟಿನಿಂದ ಆ ಚೀಟಿಯನ್ನು ಹುಡುಕಿ ತೆಗೆದೆ. ಅಚ್ಚಾದ ರಟ್ಟೇ, ತೂತಿನಲ್ಲಿ ಹಸಿರು ನೂಲಿನ ಒಂದು ಎಳೆ ಉಳಿದಿತ್ತು. ಹಾಗಾದರೆ ಏಳನೆಯ ಮನೆಯ ಆ ಹುಡುಗಿಯೇ ಇಟ್ಟುಕೊಂಡಿದ್ದಳು. ಗಲ್ಫಿನಿಂದ ಕಾಗದ ಬರುವ ಮೊದಲೇ, ತಾಯಿಗೂ ಹೇಳದೆ, ಏಳರಲ್ಲಿ ಒಂದನ್ನು ಆರಿಸಿ ಎಲ್ಲೋ ಅಡಗಿಸಿಟ್ಟು, ನಾನು ಎರಡೆರಡು ಸಲ ಎಣಿಸುವಾಗ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಳು. ಕಾಗದ ಬಂತು. ಒಪ್ಪಿಗೆಯಾಯಿತು. ನನಗೆ ನಗುವೂ ಬಂತು, ಅಳುವೂ ಬಂತು.

"ಎಂತ ಮೇಡಂ, ಮತ್ತೆ ತಪ್ಪು ಬಂತಾ?" ಎಂದು ಪಕ್ಕದವಳು ಕೇಳಿದಳು.

"ಇಲ್ಲ ಮಾರಾಯ್ತಿ, ಎಲ್ಲ ಸರಿ ಉಂಟು" ಎಂದು ಚೀಟಿಯನ್ನು ಮತ್ತೆ ಬಿಲ್ಲಿಗೆ ಚುಚ್ಚಿದೆ. ಕಾಪುವಿನಲ್ಲಿ ಒಂದು ಮದುವೆ ಗೊತ್ತಾಗಿತ್ತು. ನಮ್ಮ ಆಫೀಸಿನಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ನಾನು ಯಾರಿಗೂ ಹೇಳಲಿಲ್ಲ.